‘ಹೆರಿಗೆಯಾಗಲಿ, ಆಮೇಲೆ ನೋಡೋಣ’

ಕಾಫಿ ಕೊಯ್ಲಿನ ಕಾಲ. ತೋಟವೊಂದರ ಕಾರ್ಮಿಕರ ಲೈನ್ ಮನೆಯಿಂದ ಎರಡು ಬಸ್ ಬದಲಿಸಿ ಬಂದ ಎಂಟು ತಿಂಗಳ ಬಸುರಿಯ ಕೆನ್ನೆ ಊದಿತ್ತು. ಹಲ್ಲು ನೋಯತೊಡಗಿದ್ದು ನಾಲ್ಕನೇ ತಿಂಗಳಲ್ಲಿ. ತಪಾಸಣೆಗೆ ಹೋದಾಗಲೆಲ್ಲ ಹೇಳಿಕೊಂಡಿದ್ದಳಂತೆ. ಸಿಕ್ಕ ಉತ್ತರ ಒಂದೇ: ‘ಹೆರಿಗೆಯಾಗಲಿ, ಆಮೇಲೆ ನೋಡೋಣ.’ ಹುಳುಕು ತೆಗೆದು ತುಂಬಿಸಿದ್ದರೆ ಅಂದೇ ಮುಗಿಯುತ್ತಿದ್ದ ಕೆಲಸ, ಈಗ ಕೀವು ಬಸಿದು ಹಲ್ಲು ಕೀಳುವಲ್ಲಿಗೆ ಬಂದಿತ್ತು. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇರುವ ಜಿಲ್ಲೆ ನಮ್ಮದು!

ಹಾಗೆ ಹೇಳಿದವರನ್ನು ದೂರಲು ನನಗೆ ಬಾಯಿಲ್ಲ. ಹಲ್ಲಿನ ಡಾಕ್ಟರಾಗಿ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಗರ್ಭಿಣಿಯರನ್ನು ಕಂಡೊಡನೆ ‘ಹೆರಿಗೆ ಡಾಕ್ಟರಿಂದ ಚೀಟಿ ಬರೆಸಿಕೊಂಡು ಬನ್ನಿ’ ಎಂದು ಸಾಗಹಾಕಿದ್ದುಂಟು. ಇಬ್ಬರು ಡಾಕ್ಟರುಗಳ ನಡುವೆ ಅಲೆದು ದಿನದ ಕೂಲಿ ಕಳೆದುಕೊಂಡವರು ಅವರು.

ತುರ್ತಿದ್ದರೆ ಯಾವ ತಿಂಗಳಲ್ಲಾದರೂ ಹಲ್ಲಿನ ಚಿಕಿತ್ಸೆ ಮಾಡಬಹುದು. ಉಳಿದ ಕೆಲಸಕ್ಕೆ ನಾಲ್ಕರಿಂದ ಆರನೇ ತಿಂಗಳು ಹಿತ: ವಾಂತಿ ಇಳಿದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್, ಸೀಸದ ಏಪ್ರನ್ ಹೊದಿಸಿ ತೆಗೆಯುವ ಒಂದು ಹಲ್ಲಿನ ಎಕ್ಸ್‌ರೇ, ನೋವಿಗೆ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇವಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ನೋವು ತಾಳದೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಿಗೆ. ಐಬುಪ್ರೊಫೇನ್‌ನಂಥವು ಐದು ತಿಂಗಳು ತುಂಬಿದ ಮೇಲೆ ಸಲ್ಲವು. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಗುವಿನ ಹಲ್ಲಿಗೆ ಕಲೆ ಕಟ್ಟುತ್ತದೆ. ಕಾಯಲು ಹೇಳಿದವರು, ಕಾಯುವಾಗ ಏನು ನುಂಗುತ್ತೀ ಎಂದು ಕೇಳುವುದಿಲ್ಲ.

ಆಶಾ ಕಾರ್ಯಕರ್ತೆಯರು ಮತ್ತು ನರ್ಸ್‌ಗಳ ಜೊತೆ ಒಮ್ಮೆ ಮಾತಿಗೆ ಕುಳಿತಿದ್ದೆ. ಬಸುರಿಯರ ಒಸಡಿನಲ್ಲಿ ರಕ್ತ ಏಕೆ ಬರುತ್ತದೆ ಎಂದು ಕೇಳಿದೆ. ‘ಮಗು ತಾಯಿಯ ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದಲ್ಲ’ ಎಂದರು. ಮಗು ಹಲ್ಲಿಗೆ ಕೈ ಹಾಕುವುದಿಲ್ಲ. ಏರಿದ ಹಾರ್ಮೋನುಗಳಿಂದಾಗಿ ಹಲ್ಲಿನ ಬುಡದ ಅಲ್ಪ ಕೊಳೆಗೂ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ. ರಕ್ತ ಕಂಡು ಹೆದರಿ ಬ್ರಷ್ ಬಿಟ್ಟರೆ ಕೊಳೆ ಹೆಚ್ಚಿ ಇನ್ನಷ್ಟು ರಕ್ತ. ಕೆಲವರಿಗೆ ಒಸಡಿನ ಮೇಲೆ ಕೆಂಪು ಗಂಟೂ ಏಳುತ್ತದೆ. ನೋಡಿಸಬೇಕು, ಆದರೆ ಸಾಮಾನ್ಯವಾಗಿ ಹೆರಿಗೆಯ ನಂತರ ಕುಗ್ಗುತ್ತದೆ. ಒಸಡಿನ ರೋಗಕ್ಕೂ ಅವಧಿಪೂರ್ವ ಹೆರಿಗೆಗೂ ನಂಟು ಕಂಡುಬಂದಿದೆ ನಿಜ. ಆದರೆ ಒಸಡಿಗೆ ಚಿಕಿತ್ಸೆ ಕೊಟ್ಟರೆ ಅದು ತಪ್ಪುತ್ತದೆ ಎಂದು ಸಾಬೀತಾಗಿಲ್ಲ. ಆ ಭಯ ತೋರಿಸಿ ಯಾರನ್ನೂ ನನ್ನ ಬಳಿ ಕಳುಹಿಸಬೇಡಿ ಎಂದೆ.

ಕೆಲಸ ಹೊರೆಯಾಗುತ್ತದೆ ಎಂಬುದು ಅವರ ದೂರು, ನ್ಯಾಯವಾದದ್ದೇ. ಆದರೆ ರಕ್ತಹೀನತೆ ನೋಡಲು ನಾಲಿಗೆ ಚಾಚಿಸುತ್ತೀರಲ್ಲ, ಆಗಲೇ ತುಟಿ ಸರಿಸಿ ಒಸಡು ನೋಡಿ, ‘ಹಲ್ಲು ನೋವಿದೆಯಾ?’ ಎಂದು ಕೇಳಿ. ಅರ್ಧ ನಿಮಿಷದ ಮಾತು.

ವಾಂತಿಯ ವಿಷಯಕ್ಕೆ ಬಂದಾಗ ಹಿರಿಯ ಆಶಾ ಕಾರ್ಯಕರ್ತೆಯೊಬ್ಬರು ಪೆಚ್ಚಾದರು. ವಾಂತಿಯಾದ ಕೂಡಲೇ ಉಜ್ಜಿದರೆ ಆಮ್ಲಕ್ಕೆ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಒಂದು ಲೋಟ ನೀರಿಗೆ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಬೇಕು. ‘ಇಷ್ಟು ವರ್ಷ ಮನೆಮನೆಗೆ ಹೋಗಿ ತಕ್ಷಣ ಉಜ್ಜಿ ಎಂದೇ ಹೇಳಿದೆನಲ್ಲ ಡಾಕ್ಟರೇ’ ಎಂದರು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಮುಂದಿನ 9ರ ಮಧ್ಯಾಹ್ನ ಅದೇ ಅಕ್ಕ ತಾಯಿ ಕಾರ್ಡ್ ಹಿಡಿದ ಇಬ್ಬರನ್ನು ನೇರ ನನ್ನಲ್ಲಿಗೆ ಕರೆತಂದರು. ಚೀಟಿ ತಂದಿರಲಿಲ್ಲ, ನಾನು ಕೇಳಲೂ ಇಲ್ಲ.