ಕಟ್ಟಿಗೆ ಸೀಳುವುದು ಕೊಡಲಿಯ ಬಾಯಲ್ಲ, ಬಿರುಕು

ಹುಬ್ಬಳ್ಳಿಯ ದುರ್ಗದಬೈಲಿನ ಬಟ್ಟೆ ಅಂಗಡಿಗಳಲ್ಲಿ ಥಾನಿನಿಂದ ಬಟ್ಟೆ ಹರಿದು ಕೊಡುವುದನ್ನು ನೋಡಿದ್ದೀರಲ್ವಾ? ಅಳತೆ ಹಿಡಿದು, ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕುತ್ತಾರೆ. ಅರ್ಧ ಇಂಚು, ಅಷ್ಟೇ. ಆಮೇಲೆ ಕತ್ತರಿ ಕೆಳಗಿಟ್ಟು ಎರಡೂ ಕೈಯಿಂದ ಜಗ್ಗಿದರೆ ಬಟ್ಟೆ ಪರ್ರನೆ ಆ ಅಂಚಿನ ತನಕ ನೆಟ್ಟಗೆ ಹರಿದುಹೋಗುತ್ತದೆ. ಚಿಕ್ಕವನಿದ್ದಾಗ ಅವ್ವನ ಸೆರಗು ಹಿಡಿದು ನಿಂತು ಇದನ್ನು ನೋಡುವುದೇ ನನಗೆ ದೊಡ್ಡ ಸಂಭ್ರಮ. ಕಟ್ಟಿಗೆ ಸೀಳುವ ಸಣ್ಣ ಕೊಡಲಿಯ ಗುಟ್ಟೂ ಇದೇ ಅಂತ ಗೊತ್ತಾಗಲು ಮತ್ತೆ ಮೂವತ್ತು ವರ್ಷ ಬೇಕಾಯಿತು.

ಧಾರವಾಡದ ನಮ್ಮ ಮನೆಯಲ್ಲಿ ಈಗಲೂ ಸ್ನಾನದ ನೀರು ಹಂಡೆಯಲ್ಲೇ ಕಾಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಚಕ್ಕೆ ಸೀಳುವ ಕೆಲಸ ನನ್ನದು. ಜೊತೆಗೆ ಮಣೆ, ಸ್ಟೂಲು ಅಂತ ಸಣ್ಣಪುಟ್ಟ ಬಡಿಗತನದ ಹುಚ್ಚೂ ಇದೆ. ಎರಡಕ್ಕೂ ಒಂದೇ ಕೊಡಲಿ ಸಾಕು ಅಂದುಕೊಂಡು ಬಹಳ ವರ್ಷ ಒದ್ದಾಡಿದೆ. ಕಟ್ಟಿಗೆಗೆ ಚೆನ್ನಾಗಿದ್ದದ್ದು ಮಣೆ ಕೆತ್ತಲು ಬರುತ್ತಿರಲಿಲ್ಲ. ಕೆತ್ತಲು ಚೆನ್ನಾಗಿದ್ದದ್ದು ಕಟ್ಟಿಗೆಯಲ್ಲಿ ಸಿಕ್ಕಿಬೀಳುತ್ತಿತ್ತು. ನನ್ನ ಕೈಯದೇ ದೋಷ ಅಂದುಕೊಂಡಿದ್ದೆ. ದೋಷ ಕೈಯಲ್ಲಿರಲಿಲ್ಲ. ಸೀಳುವುದು ಮತ್ತು ಕಡಿಯುವುದು ಎರಡು ಬೇರೆ ಬೇರೆ ಕೆಲಸ.

ಮರವೆಂದರೆ ಉದ್ದನೆಯ ನಾರುಗಳ ಕಟ್ಟು. ನಾರಿನಲ್ಲಿರುವುದು ಸೆಲ್ಯುಲೋಸ್. ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟು ಲಿಗ್ನಿನ್. ನಾರು ಉದ್ದಕ್ಕೆ ಜಗ್ಗಿದರೆ ಉಕ್ಕಿನ ತಂತಿಯ ಹಾಗೆ ತಡೆಯುತ್ತದೆ. ಅಡ್ಡಕ್ಕೆ ಜಗ್ಗಿದರೆ ಅಂಟು ಬಿಡುತ್ತದೆ. ಎರಡು ಶಕ್ತಿಗಳ ನಡುವಿನ ಅಂತರ ಸುಮ್ನೆ ಎರಡು ಪಟ್ಟು, ಮೂರು ಪಟ್ಟು ಅಲ್ಲ. ಹಲವು ಮರಗಳಲ್ಲಿ ಇಪ್ಪತ್ತು ಪಟ್ಟಿಗೂ ಜಾಸ್ತಿ. ಕಬ್ಬನ್ನು ಹಲ್ಲಿನಿಂದ ಉದ್ದಕ್ಕೆ ಸಿಗಿಯುವುದು ಸುಲಭ, ಅಡ್ಡಕ್ಕೆ ಕಚ್ಚಿ ತುಂಡು ಮಾಡುವುದು ಕಷ್ಟ. ಅಷ್ಟೇ ಲೆಕ್ಕ.

ಈಗ ಕೊಡಲಿಯ ಬಾಯಿ ಕಟ್ಟಿಗೆಯ ತುದಿಗೆ ಬಿತ್ತು ಅಂದುಕೊಳ್ಳಿ. ಮೊದಲ ಒಂದೆರಡು ಮಿಲಿಮೀಟರ್ ಬಾಯಿ ಕೆಲಸ ಮಾಡುತ್ತದೆ. ಕಚ್ಚು ಬಿದ್ದ ಕ್ಷಣವೇ ಕೊಡಲಿಯ ಉಬ್ಬಿದ ಕೆನ್ನೆಗಳು ಎರಡೂ ಬದಿಯನ್ನು ದೂಡಲು ಶುರು ಮಾಡುತ್ತವೆ. ಆಗ ಬಾಯಿಗಿಂತ ಮುಂದೆ ಒಂದು ಬಿರುಕು ಹುಟ್ಟಿ ಓಡುತ್ತದೆ. ಬಿರುಕು ಮುಂದೆ, ಕೊಡಲಿ ಹಿಂದೆ. ಅಲ್ಲಿಂದಾಚೆಗೆ ಬಾಯಿಗೆ ಮರ ತಾಗುವುದೇ ಇಲ್ಲ! ಬೇಸಿಗೆಯಲ್ಲಿ ಎರೆ ಹೊಲ ಬಿರಿದಾಗ ಬಿರುಕಿನ ತುದಿ ನೋಡಿ, ಕೂದಲೆಳೆಯಷ್ಟು ಸಣ್ಣಗಿರುತ್ತದೆ. ಎಲ್ಲ ಜಗ್ಗಾಟ ಆ ಒಂದು ತುದಿಯಲ್ಲಿ ಬಂದು ಕೂತಿರುತ್ತದೆ. ಹಾಲಿನ ಪಾಕೀಟಿನ ಮೂಲೆಯಲ್ಲಿ ಸಣ್ಣ ಸೀಳು ಇದ್ದರೆ ಕೈಯಿಂದಲೇ ಹರಿಯಬಹುದು, ಇಲ್ಲದಿದ್ದರೆ ಎಷ್ಟು ಜಗ್ಗಿದರೂ ಜಾರುತ್ತದೆ. ಅದೂ ಇದೇ. ಸಾವಿರ ಜನ ಹಗ್ಗ ಜಗ್ಗುತ್ತಿದ್ದಾರೆ, ಆದರೆ ಹಗ್ಗದ ಒಂದೇ ಒಂದು ಎಳೆ ಇಡೀ ಭಾರ ಹೊತ್ತಿದೆ ಅಂತ ಊಹಿಸಿ. ಆ ಎಳೆ ಹರಿದರೆ ಭಾರ ಪಕ್ಕದ ಎಳೆಗೆ, ಅದು ಹರಿದರೆ ಅದರ ಪಕ್ಕದ್ದಕ್ಕೆ.

ಇದನ್ನು ಲೆಕ್ಕದಲ್ಲಿ ಮೊದಲು ಹಿಡಿದವರು ಬ್ರಿಟನ್ನಿನ ಎಂಜಿನಿಯರ್ ಅಲನ್ ಆರ್ನಾಲ್ಡ್ ಗ್ರಿಫಿತ್, 1921ರಲ್ಲಿ. ಅವರು ನೋಡಿದ್ದು ಮರವನ್ನಲ್ಲ, ಗಾಜನ್ನು. ಲೆಕ್ಕದ ಪ್ರಕಾರ ಗಾಜು ಬಹಳ ಗಟ್ಟಿ ಇರಬೇಕು, ಆದರೆ ಅದರ ಎಷ್ಟೋ ಪಾಲು ಕಡಿಮೆ ಬಲಕ್ಕೇ ಒಡೆಯುತ್ತದೆ. ಯಾಕೆ? ಗಾಜಿನ ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಬಿರುಕು ಮುಂದೆ ಹೋಗಬೇಕಾದರೆ ಎರಡು ಹೊಸ ಮೈ ತೆರೆಯಬೇಕು, ಅದಕ್ಕೆ ಶಕ್ತಿಯ ಖರ್ಚು ಇದೆ. ಬಿರುಕು ಬಿಡುವಾಗ ಸುತ್ತಲಿನ ಬಿಗಿತ ಸಡಿಲಾಗಿ ಶಕ್ತಿಯ ಆದಾಯವೂ ಬರುತ್ತದೆ. ಆದಾಯ ಖರ್ಚಿಗಿಂತ ಹೆಚ್ಚಾದರೆ ಬಿರುಕು ತಾನಾಗಿಯೇ ಓಡುತ್ತದೆ. ಮರದಲ್ಲಿ ನಾರಿನ ಉದ್ದಕ್ಕೆ ಈ ಖರ್ಚು ತೀರಾ ಕಡಿಮೆ. ಅದಕ್ಕೇ ಬಿರುಕು ನಾರಿನ ದಾರಿಯನ್ನೇ ಹಿಡಿಯುತ್ತದೆ.

ಹಾಗಾದರೆ ಕಟ್ಟಿಗೆ ಸೀಳಲು ಕ್ಷೌರದ ಕತ್ತಿಯಷ್ಟು ಚೂಪು ಬೇಕಾ? ಬೇಡ. ಕಚ್ಚು ಬೀಳುವಷ್ಟು ಹರಿತ ಸಾಕು. ಬೇಕಾದದ್ದು ದಪ್ಪ ಕೆನ್ನೆ. ತೆಳು ಕೊಡಲಿ ಒಳಗೆ ಇಳಿಯುತ್ತದೆ, ಬದಿ ದೂಡುವುದಿಲ್ಲ, ಕಟ್ಟಿಗೆ ಅದನ್ನು ಕಚ್ಚಿ ಹಿಡಿಯುತ್ತದೆ. ಎಷ್ಟು ಭಾರ ಇದ್ದರೆ ಅಷ್ಟು ಒಳ್ಳೆಯದು ಅನ್ನುವುದೂ ತಪ್ಪು. ತೂಕ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. 600 ಗ್ರಾಂ ತಲೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿ ಸುಮಾರು 19 ಜೂಲ್ ಶಕ್ತಿ ಇರುತ್ತದೆ. ಅದು ಒಂದು ಸೆಂಟಿಮೀಟರ್ ಒಳಗೆ ನಿಂತರೆ ಸರಾಸರಿ ಸುಮಾರು 190 ಕಿಲೋ ಭಾರ ಹೇರಿದ ಹಾಗೆ. ಒಂದು ಕೈಯಿಂದ! ಒಂದೂವರೆ ಕಿಲೋದ ಕೊಡಲಿಯನ್ನು ಒಂದು ಕೈಯಲ್ಲಿ ಅದೇ ವೇಗಕ್ಕೆ ಬೀಸಲು ನಮ್ಮಂಥವರಿಗೆ ಆಗಲ್ಲ, ಬೀಸಿದರೂ ಗುರಿ ತಪ್ಪುತ್ತದೆ.

ಬಡಿಗತನದ ಕಥೆ ಬೇರೆ. ಹಲಗೆಯ ಬದಿ ಕೆತ್ತುವಾಗ ಬಿರುಕು ಓಡಿಬಿಟ್ಟರೆ ಹಲಗೆಯೇ ಹಾಳು. ಇಲ್ಲಿ ನಾರನ್ನು ಅಡ್ಡಕ್ಕೆ ಕಡಿಯಬೇಕು, ಬಾಯಿಯೇ ಎಲ್ಲ ಕೆಲಸ ಮಾಡಬೇಕು. ಹಾಗಾಗಿ ತೆಳು ಕೆನ್ನೆ, ತುಂಬ ಹರಿತ, ಸುಮಾರು 25 ಡಿಗ್ರಿಯ ಬಾಯಿ ಬೇಕು. ಕಟ್ಟಿಗೆಯ ಕೊಡಲಿಗೆ 30 ಡಿಗ್ರಿ ದಾಟಿದರೂ ಚಿಂತೆಯಿಲ್ಲ. ನಮ್ಮ ಓಣಿಯ ಬಡಿಗೇರ ಕಾಕಾ ನನಗೆ ಕೆತ್ತುವುದು ಕಲಿಸಿದ್ದು ಹೀಗೆ. ಗೆರೆ ಹೊಡೆದ ಮೇಲೆ, ಮೊದಲು ಎರಡು ಎರಡು ಇಂಚಿಗೆ ಅಡ್ಡ ಕಚ್ಚು ಹಾಕಬೇಕು, ಗೆರೆಗಿಂತ ತುಸು ಮೇಲೆ ನಿಲ್ಲಿಸಬೇಕು. ಆಮೇಲೆ ಕಚ್ಚಿನಿಂದ ಕಚ್ಚಿಗೆ ಚಕ್ಕೆ ಎಬ್ಬಿಸಬೇಕು. ನಾನು ನೇರವಾಗಿ ಹೊಡೆಯಲು ಹೋದಾಗ ಅವರು ಕೈ ಹಿಡಿದು, "ತಮ್ಮಾ, ಹೊಲಕ್ಕ ಒಡ್ಡು ಯಾಕ ಹಾಕತೀವಿ ಹೇಳು? ನೀರು ಓಡಿ ಹೋಗಬಾರದು ಅಂತ. ಇದೂ ಹಂಗ" ಅಂದರು. ಗ್ರಿಫಿತ್‌ರ ಇಡೀ ಲೆಕ್ಕ ಆ ಒಂದು ಮಾತಿನಲ್ಲಿತ್ತು. ಕಚ್ಚಿನ ಹತ್ತಿರ ನಾರು ಮೊದಲೇ ತುಂಡಾಗಿರುತ್ತದೆ, ಬಿರುಕು ಅಲ್ಲಿಗೆ ಬಂದು ಸುಮ್ಮನಾಗುತ್ತದೆ.

ಕಾಯಕವನ್ನು ಹೆಸರಿನಲ್ಲೇ ಹೊತ್ತ ನಾಡು ನಮ್ಮದು. 12ನೇ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಇದ್ದರು, ಕಟ್ಟಿಗೆ ಹೊರೆ ಮಾರಿ ಬದುಕಿದ ಮೋಳಿಗೆ ಮಾರಯ್ಯ ಇದ್ದರು. ಇನ್ನೂ ಹಿಂದಕ್ಕೆ ಹೋದರೆ ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಗೆ ಹೋಗಬೇಕು. ಅಲ್ಲಿನ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಉತ್ಖನನ ನಡೆಸಿದರು. ನವಶಿಲಾಯುಗದ ಜನ ಕಬ್ಬಿಣದ ಕಾಲಕ್ಕೆ ದಾಟಿದ ಗುರುತು ಅಲ್ಲಿ ಸಿಕ್ಕಿತು, ಸುಮಾರು 3000 ವರ್ಷ ಹಳೆಯದು. ಅದಕ್ಕೂ ಮುಂಚೆ ನಮ್ಮ ಸೀಮೆಯ ಜನ ಕರಿಕಲ್ಲನ್ನು ಬಂಡೆಯ ಮೇಲೆ ತಿಕ್ಕಿ ತಿಕ್ಕಿ ಕೊಡಲಿ ಮಾಡುತ್ತಿದ್ದರು. ಆ ಕಲ್ಲಿನ ಕೊಡಲಿಯ ಕೆನ್ನೆ ಎಷ್ಟು ದಪ್ಪ ಗೊತ್ತಾ? ಕಲ್ಲು ತೆಳುವಾದರೆ ಚಕ್ಕೆ ಹಾರುತ್ತದೆ ಅಂತ ಅವರಿಗೆ ಕೈಯೇ ಹೇಳಿಕೊಟ್ಟಿತ್ತು. ಇಂಥ ಕಲ್ಲುಗಳು ಹೊಲದಲ್ಲಿ ಸಿಕ್ಕಾಗ ಜಗತ್ತಿನ ಹಲವು ಕಡೆ ಜನ ಸಿಡಿಲಿನ ಜೊತೆ ಬಿದ್ದವು ಅಂತ ನಂಬಿದರು. ಯಾರೋ ಒಬ್ಬ ಮನುಷ್ಯ ವಾರಗಟ್ಟಲೆ ಕೂತು ತಿಕ್ಕಿದ ಕೆಲಸ, ಅದರ ಶ್ರೇಯ ಸಿಡಿಲಿಗೆ ಹೋಯಿತು. ಇದು ನನಗೆ ನಿಜವಾಗಿ ಬೇಜಾರು ತರುತ್ತದೆ.

ಉಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಯುರೋಪಿನವರು ವೂಟ್ಜ್ ಅಂತ ಕರೆದ ದಕ್ಷಿಣ ಭಾರತದ ಉಕ್ಕಿನ ಹೆಸರಿನ ಹಿಂದೆ ನಮ್ಮ ಉಕ್ಕು ಎಂಬ ಪದವೇ ಇದೆ ಅನ್ನುತ್ತಾರೆ ಭಾಷೆ ಬಲ್ಲವರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟರು. ಆಮೇಲೆ ಮೈಕೆಲ್ ಫ್ಯಾರಡೆಯೂ ಅದರ ಹಿಂದೆ ಬಿದ್ದರು. ಇವತ್ತು ನಮ್ಮ ಕಂಬಾರರು ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕೊಡಲಿ ಬಡಿಯುತ್ತಾರೆ. ಒಳ್ಳೆಯ ಉಕ್ಕು ಅದು, ಶೇಕಡಾ ಸುಮಾರು 0.5ರಷ್ಟು ಇಂಗಾಲ ಇರುತ್ತದೆ. ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಗಡಸಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುತ್ತದೆ. ಮತ್ತೆ ಸ್ವಲ್ಪ ಕಾಯಿಸಿ ಹದ ಇಳಿಸಬೇಕು. ಉಜ್ಜಿದ ಬಾಯಿಯ ಮೇಲೆ ಆಗ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಒಂದರ ಹಿಂದೆ ಒಂದು ಬರುತ್ತವೆ. ಹುಲ್ಲಿನ ಬಣ್ಣಕ್ಕೆ ಸುಮಾರು 230 ಡಿಗ್ರಿ, ನೀಲಿಗೆ 300ರ ಸುತ್ತಮುತ್ತ. ಥರ್ಮಾಮೀಟರ್ ಇಲ್ಲದೆ ಕಣ್ಣಿನಲ್ಲೇ ಇಷ್ಟು ನಿಖರ! ಈ ಹದವನ್ನು ಒಂದು ನಿಮಿಷದಲ್ಲಿ ಕೆಡಿಸುವುದು ಕರೆಂಟಿನ ಗ್ರೈಂಡರ್. ಬಾಯಿ ನೀಲಿ ತಿರುಗಿತು ಅಂದರೆ ಅಷ್ಟು ಭಾಗ ಮೆತ್ತಗಾಯಿತು ಅಂತಲೇ ಅರ್ಥ. ಅರ ಮತ್ತು ಸಾಣೆಕಲ್ಲು ಸಾಕು, ನಿಧಾನ ಆದರೂ ಸರಿ.

ಕೊಳ್ಳುವಾಗ ನಾನು ನೋಡುವುದು ಕಡಿಮೆ. ತಲೆ 500ರಿಂದ 700 ಗ್ರಾಂ, ಕಾವು, ಅಂದರೆ ಮರದ ಹಿಡಿ, ಒಂದೂಕಾಲು ಅಡಿ. ಬಾಯಿಗೆ ಅರ ಎಳೆದರೆ ಸ್ವಲ್ಪ ಕಚ್ಚಬೇಕು. ಬೆಣ್ಣೆಯ ಹಾಗೆ ಇಳಿದರೆ ಹದ ಇಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಹದ ಜಾಸ್ತಿ. ಕಾವಿನ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ, ಬಾಯಿ ಕಾವಿನ ನಡುಗೆರೆಗೆ ಸರಿಯಾಗಿ ಕೂತಿರಬೇಕು. ಬಣ್ಣ ಬಳಿದ ಕಾವು ಬೇಡ, ಬಣ್ಣದ ಕೆಳಗೆ ಗಂಟಿದೆಯೋ ಓರೆ ನಾರಿದೆಯೋ ಕಾಣುವುದಿಲ್ಲ. ನಾರು ಬುಡದಿಂದ ತುದಿಗೆ ನೆಟ್ಟಗೆ ಹೋಗಬೇಕು, ಇಲ್ಲದಿದ್ದರೆ ಅದೇ ಬಿರುಕು ಕಾವನ್ನೂ ಸೀಳುತ್ತದೆ. ತಡಸಲು, ದಿಂಡಿಗ ಸಿಕ್ಕರೆ ಬಿಡಬೇಡಿ, ಪೆಟ್ಟಿಗೆ ಬಾಗಿ ತಡೆಯುವ ಮರಗಳು. ಬಯಲುಸೀಮೆಯಲ್ಲಿ ಜಾಲಿಯೂ ಆಗುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಒಬ್ಬರ ಕೊಡಲಿಯ ತಲೆ ಕಾವಿನಿಂದ ಹಾರಿ ತುಳಸಿಕಟ್ಟೆಗೆ ಬಡಿಯಿತು. ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದರು. ಅವತ್ತು ಅಮಾವಾಸ್ಯೆ. ಸಂಜೆಯೊಳಗೆ ಕೊಡಲಿಗೆ ನಿಂಬೆಹಣ್ಣು, ಕರಿದಾರ ಎಲ್ಲ ಬಂತು. ಇನ್ನೊಬ್ಬರು, "ರಾತ್ರಿ ಬಕೀಟಿನ್ಯಾಗ ನೆನೆ ಇಡ್ರಿ, ಬಿಗಿ ಆಗತೈತಿ" ಅಂದರು. ನನಗೆ ನಿಂಬೆಹಣ್ಣಿಗಿಂತ ಈ ಬಕೀಟಿನ ಭಯವೇ ಜಾಸ್ತಿ. ಯಾಕೆಂದರೆ ಬೆಳಿಗ್ಗೆ ಕಾವು ನಿಜವಾಗಿಯೂ ಬಿಗಿಯಾಗಿರುತ್ತದೆ! ಮರ ನೀರು ಕುಡಿದು ಅಡ್ಡಕ್ಕೆ ಉಬ್ಬುತ್ತದೆ. ಆದರೆ ಸುತ್ತ ಕಬ್ಬಿಣದ ತೂತು, ಜಾಗ ಎಲ್ಲಿದೆ? ಉಬ್ಬಲಾರದೆ ಒಳಗಿನ ಕೋಶಗಳು ಅಪ್ಪಚ್ಚಿಯಾಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣಗಾಗಿರುತ್ತದೆ. ಮತ್ತೆ ನೆನೆಸಿದರೆ ಮತ್ತಷ್ಟು. ಆಗಲೇ ಹೇಳಿದ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸಿದಾಗ 600 ಗ್ರಾಂ ತಲೆ ಕಾವಿನಿಂದ ಹೊರಗೆ ಜಗ್ಗುವ ಬಲ ಆರು ಕಿಲೋ ತೂಕಕ್ಕೂ ಮೇಲೆ. ಮಳೆಗಾಲದ ಹಸಿ ಹವೆಯಲ್ಲಿ ಕೂರಿಸಿದ ಕಾವು ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ಸಡಿಲಾಗುವುದು ಚಂದ್ರನ ಕೈವಾಡ ಅಲ್ಲ.

ಮರುದಿನ ಆ ಮನೆಗೆ ಹೋಗಿ ಕೂತು ಸರಿ ಮಾಡಲು ಶುರು ಮಾಡಿದೆವು. ಕಾವನ್ನು ಒಂದು ವಾರ ಒಲೆಯ ಹತ್ತಿರ, ಬಿಸಿ ತಾಗದಷ್ಟು ದೂರದಲ್ಲಿ ಒಣಗಿಸಿದೆವು. ಆಮೇಲೆ ತಲೆಗೆ ಹಾಕಿ, ತಲೆ ಕೆಳಗೆ ತೂಗುವಂತೆ ಹಿಡಿದು, ಕಾವಿನ ಬುಡಕ್ಕೆ ಮರದ ಸುತ್ತಿಗೆಯಿಂದ ಕುಟ್ಟಿದೆವು. ತಲೆ ಭಾರ, ಅದು ಇದ್ದಲ್ಲೇ ಇರಲು ನೋಡುತ್ತದೆ. ಕಾವು ಅದರೊಳಗೆ ಏರುತ್ತದೆ. ನೆಲಕ್ಕೆ ತಲೆ ಊರಿ ಕುಟ್ಟಿದರೆ ಇಷ್ಟು ಚೆನ್ನಾಗಿ ಬರಲ್ಲ. ಕೊನೆಗೆ ಒಣಗಿದ ಜಾಲಿಯ ಬೆಣೆ ಹೊಡೆದೆವು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ವರ್ಷಕ್ಕೊಮ್ಮೆಯಾದರೂ ಎಲ್ಲ ಆಯುಧ ತೊಳೆದು ಕೈಯಲ್ಲಿ ಹಿಡಿದು ನೋಡುವ ದಿನ ಅದು. ಆದರೆ ನಿಂಬೆರಸ, ಒದ್ದೆ ಕುಂಕುಮ ಬಾಯಿಯ ಮೇಲೆ ಹಾಗೇ ಬಿಡಬೇಡಿ, ಹುಳಿ ಉಕ್ಕನ್ನು ತಿನ್ನುತ್ತದೆ. ಮರುದಿನ ಒರೆಸಿ ಎಣ್ಣೆ ಸವರಿ.

ಇನ್ನು ಚಕ್ಕೆ ಸೀಳುವುದು. ಕಟ್ಟಿಗೆಯ ತುದಿಯಲ್ಲಿ ಒಣಗಿದಾಗ ಬಿಟ್ಟ ಸೀಳುಗಳಿರುತ್ತವಲ್ಲ, ನಡುವಿನಿಂದ ಹೊರಗೆ ಕಿರಣಗಳ ಹಾಗೆ? ಬಾಯಿ ಅಲ್ಲೇ ಇಡಿ, ಕಚ್ಚು ಹಾಕುವ ಕೆಲಸ ಬಿಸಿಲೇ ಮುಗಿಸಿದೆ. ಗಂಟು ಇದ್ದರೆ ಅದನ್ನು ತಪ್ಪಿಸಿ. ಬೇವಿನ ನಾರು ಒಂದಕ್ಕೊಂದು ಹೆಣೆದಿರುತ್ತದೆ, ಬಿರುಕು ದಾರಿ ತಪ್ಪುತ್ತದೆ, ಅದಕ್ಕೆ ತಾಳ್ಮೆ ಬೇಕು. ಸಣ್ಣ ಚಕ್ಕೆಯನ್ನು ಬೆರಳಿನಿಂದ ಹಿಡಿದು ಮೇಲಿನಿಂದ ಹೊಡೆಯಲೇ ಬೇಡಿ. ಬಾಯಿಯನ್ನು ಚಕ್ಕೆಯ ಮೇಲೆ ಮೊದಲೇ ಒತ್ತಿ ಹಿಡಿದು, ಚಕ್ಕೆ ಕೊಡಲಿ ಎರಡನ್ನೂ ಒಟ್ಟಿಗೆ ಎತ್ತಿ, ಕೊರಡಿನ ಮೇಲೆ ಒಟ್ಟಿಗೇ ಕುಟ್ಟಿ. ಗುರಿ ತಪ್ಪುವ ಪ್ರಶ್ನೆಯೇ ಇಲ್ಲ. 8 ಸೆಂಟಿಮೀಟರ್ ಚೌಕದ ಒಂದು ತುಂಡನ್ನು 1 ಸೆಂಟಿಮೀಟರ್ ಚೌಕದ ಚಕ್ಕೆ ಮಾಡಿದರೆ 64 ಚಕ್ಕೆ ಬರುತ್ತವೆ, ಗಾಳಿ ತಾಗುವ ಮೈ ಎಂಟು ಪಟ್ಟಾಗುತ್ತದೆ. ಒಂದೇ ಕಡ್ಡಿಗೆ ಒಲೆ ಹೊತ್ತುವುದು ಅದಕ್ಕೆ.

ಕಾವಿಗೆ ಎಣ್ಣೆ ಹಚ್ಚುವಾಗ ಶೇಂಗಾ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಜಿಗುಟಾಗುತ್ತದೆ. ಚಟ್ನಿ ಮಾಡುವ ಅಗಸಿಯ ಎಣ್ಣೆ ಹಚ್ಚಿ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ, ಮಳೆಗಾಲದ ತೇವವನ್ನು ಒಳಗೆ ಬೇಗ ಬಿಡುವುದಿಲ್ಲ. ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ. ಆದರೆ ಆಮ್ಲಜನಕ ಹೀರುವಾಗ ಶಾಖವೂ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ಆ ಶಾಖ ಹೊರಗೆ ಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು, ಯಾವ ದೆವ್ವದ ಸೋಂಕೂ ಬೇಕಿಲ್ಲ. ಹಿತ್ತಲಿನ ತಂತಿಯ ಮೇಲೆ ಬಿಡಿಸಿ ಹರಡಿ, ಪೂರ್ತಿ ಒಣಗಿ ಗಡಸಾದ ಮೇಲೆ ಎಸೆಯಿರಿ.