ಮಾತ್ರೆ ಚೀಟಿ ಬರೆಯದ ಸಿಸ್ಟರ್

‘ಸೈಕಿಯಾಟ್ರಿಕ್ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಅಂತಾರಲ್ರೀ, ನಮ್ಮ ಕಲಬುರಗಿಯಾಗ ಎಲ್ಲಿ ಸಿಗ್ತಾರ?’ ಅಮೆರಿಕದಲ್ಲಿ ಮಗನಿರುವ ನಿವೃತ್ತ ಮಾಸ್ತರರೊಬ್ಬರು ಕೇಳಿದರು. ಮನೋರೋಗಿಗಳ ಆರೈಕೆಯಲ್ಲಿ ಪರಿಣತಿ ಪಡೆದ ನರ್ಸ್‌ಗಳ ಆ ಹುದ್ದೆ ಅಲ್ಲಿಯದು; ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಅವರು ಔಷಧವನ್ನೂ ಬರೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಹತ್ತಿರದವರೆಂದರೆ ಮನೋರೋಗ ಶುಶ್ರೂಷೆಯಲ್ಲಿ ಎರಡು ವರ್ಷದ ಎಂ.ಎಸ್ಸಿ. ಅಥವಾ ಒಂದು ವರ್ಷದ ಡಿಪ್ಲೊಮಾ ಮುಗಿಸಿದ ನನ್ನಂಥವರು. ಚೀಟಿ ಬರೆಯುವುದು ಡಾಕ್ಟರರ ಕೆಲಸ. ‘ಔಷಧಿ ನಾನೇ ಬರೆದುಕೊಡ್ತೀನಿ’ ಎನ್ನುವ ನರ್ಸ್ ಸಿಕ್ಕರೆ ಎದ್ದು ಬಂದುಬಿಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಾಮಾನ್ಯ ನರ್ಸಿಂಗ್ ಓದಿದವರನ್ನೂ ‘ಮಾನಸಿಕ ಆರೋಗ್ಯ ನರ್ಸ್’ ಲೆಕ್ಕಕ್ಕೇ ಸೇರಿಸುತ್ತದೆ. ಹಾಗಾಗಿ ಯಾವ ತರಬೇತಿ, ಮನೋರೋಗ ವಾರ್ಡಿನಲ್ಲಿ ಎಷ್ಟು ವರ್ಷ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ಅದಕ್ಕಿಂತ ಮುಖ್ಯ, ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಒಂದು ಏಪ್ರಿಲ್‌ನಲ್ಲಿ ಶಹಾಬಾದ ಕಡೆಯ ಕಲ್ಲುಗಣಿ ಕಾರ್ಮಿಕನನ್ನು ತಾಯಿ ಕರೆತಂದಿದ್ದಳು. ‘ಕೈ ನಡಗಲಾಕತ್ಯಾವ್ರಿ ಸಿಸ್ಟರ್, ಮತ್ತ ಗಾಳಿ ಬಡದದೇನೋ. ದರ್ಗಾಕ್ಕೂ ಹೋಗಿ ಬಂದ್ವಿ.’ ದರ್ಗಾಕ್ಕೆ ಹೋದದ್ದು ತಪ್ಪೇನಲ್ಲ. ನಮ್ಮ ಊರಲ್ಲಿ ಬಂದೇನವಾಜರಿಗೂ ಶರಣಬಸವೇಶ್ವರರಿಗೂ ಹೇಳಿಕೊಂಡೇ ಜನ ನಮ್ಮ ಹತ್ತಿರ ಬರುವುದು. ಅವನು ಮನಸ್ಸಿನ ವಿಪರೀತ ಏರಿಳಿತ ಹತೋಟಿಯಲ್ಲಿಡಲು ಕೊಡುವ ಲಿಥಿಯಂ ಮಾತ್ರೆ ತೊಗೊಳ್ಳುವವ. ಬಿಸಿಲಲ್ಲಿ ದಿನಕ್ಕೆ ಎಷ್ಟು ತಂಬಿಗೆ ನೀರು ಕುಡೀತಿ, ಭೇದಿ ಆಗ್ಯಾವೇನು ಅಂತ ಕೇಳುತ್ತ ಹೋದೆ. ಕಡೆಗೆ ಅಂಗಿ ಜೇಬಿನಿಂದ ಡೈಕ್ಲೋಫೆನಾಕ್ ಪಟ್ಟಿ ಹೊರಬಂತು. ನಡುನೋವಿಗೆ ವಾರದಿಂದ ನುಂಗುತ್ತಿದ್ದನಂತೆ. ಬೆವರು ಸುರಿದು ಮೈಯ ನೀರು, ಉಪ್ಪು ಇಳಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಇಂಥ ನೋವಿನ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ. ಕೂಡಲೇ ಡಾಕ್ಟರರಿಗೆ ಹೇಳಿದೆ, ರಕ್ತ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಲಿಥಿಯಂ ಮಟ್ಟ 0.6ರಿಂದ 1ರ ಆಸುಪಾಸು ಇರಬೇಕಾದದ್ದು 1.7 ಬಂತು. ಗಾಳಿಯೂ ಅಲ್ಲ, ಕಾಯಿಲೆ ಮರುಕಳಿಸಿದ್ದೂ ಅಲ್ಲ. ಮಾತ್ರೆ ನಿಲ್ಲಿಸಿ ಸಲೈನ್ ಹಚ್ಚಿದರು, ನಡುಕ ಇಳಿಯಿತು.

ಹುಡುಕಲು ದೂರ ಹೋಗಬೇಕಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಲ್ಲಿ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ನರ್ಸ್ ಹುದ್ದೆಯೂ ಇರುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತಪಾಸಣೆ ನಡೆಯುವುದು ಮಂಗಳವಾರ. ಹೊರಡುವ ಮುಂಚೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಮನೆಯಲ್ಲಿರುವ ಅಷ್ಟೂ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಕಿರಾಣಿ ಅಂಗಡಿಯಿಂದ ತಂದದ್ದನ್ನೂ.