ಹ್ಯೂಮಿಕ್ ಡಬ್ಬಿಯೂ ಕಬ್ಬಿನ ತರಗೂ

ಕಳೆದ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ಕಬ್ಬು ಬೆಳೆಗಾರರೊಬ್ಬರು ತಮ್ಮ ಹನಿ ನೀರಾವರಿಯ ಫಿಲ್ಟರ್ ಜಾಲರಿಯನ್ನು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿಗೆ ತಂದಿದ್ದರು. ಜಾಲರಿಯ ತುಂಬ ಕಾಡಿಗೆಯಂತಹ ಕಪ್ಪು ಲೋಳೆ ಮೆತ್ತಿಕೊಂಡಿತ್ತು. ಉಜ್ಜಿದರೆ ಬೆರಳಿಗೆ ಅಂಟುತ್ತಿತ್ತು, ನೀರಿನಲ್ಲಿ ಜಾಲಾಡಿದರೆ ಬಿಡುತ್ತಿರಲಿಲ್ಲ. ವಿಚಾರಿಸಿದಾಗ, ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಎರಡು ಕೆ.ಜಿ. ಪೊಟ್ಯಾಸಿಯಂ ಹ್ಯೂಮೇಟ್, ಅಂದರೆ ಅಂಗಡಿಯ ಡಬ್ಬಿಯಲ್ಲಿ ಸಿಗುವ ಹ್ಯೂಮಿಕ್ ಆಮ್ಲದ ಪುಡಿ, ಕರಗಿಸಿ, ಅದೇ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರವನ್ನೂ ಸುರಿದು, ಹನಿ ಪೈಪಿಗೆ ಗೊಬ್ಬರದ ನೀರನ್ನು ಎಳೆದುಕೊಳ್ಳುವ ವೆಂಚುರಿಯ ಮೂಲಕ ಬಿಟ್ಟಿದ್ದರೆಂದು ತಿಳಿಯಿತು. “ಎರಡೂ ಒಳ್ಳೇದು ಅಂದ್ರು ಸಾರ್, ಒಟ್ಟಿಗೇ ಹಾಕ್ಬುಟ್ಟೆ” ಎಂದರು. ಎರಡೂ ಒಳ್ಳೆಯವೇ, ಆದರೆ ಒಂದೇ ಡ್ರಮ್ಮಿನಲ್ಲಿ ಕೂಡುವಂಥವಲ್ಲ. ಹ್ಯೂಮಿಕ್ ಆಮ್ಲ ಪೊಟ್ಯಾಸಿಯಂ ಲವಣದ ರೂಪದಲ್ಲಿರುವವರೆಗೆ ನೀರಿನಲ್ಲಿ ಕರಗಿರುತ್ತದೆ. ಕ್ಯಾಲ್ಸಿಯಂ ಬಂದು ಅದರ ಅಣುಗಳನ್ನು ಒಂದಕ್ಕೊಂದು ಗಂಟು ಹಾಕಿದ ಕೂಡಲೇ ಮೊಸರು ಒಡೆದಂತೆ ಒಡೆದು ತಳಕ್ಕಿಳಿಯುತ್ತದೆ. ಫಾಸ್ಫಾರಿಕ್ ಆಮ್ಲದ ಜೊತೆಗೆ ಬೆರೆಸಿದರೂ ಇದೇ ಗತಿ.

ಜಾಲರಿಯನ್ನು ತೊಳೆದುಕೊಳ್ಳುವ ಉಪಾಯ ಹೇಳಿ ಕಳುಹಿಸುವುದು ಸುಲಭವಿತ್ತು. ಆದರೆ ಅವರು ಹೊರಡುವಾಗ ಕೇಳಿದ ಪ್ರಶ್ನೆ ನನ್ನನ್ನು ಈ ಅಂಕಣ ಬರೆಯುವಂತೆ ಮಾಡಿತು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ, ಅಂದರೆ ‘ಕೊರತೆ’ ಎಂದು ಬಂದಿದೆ. ಇನ್ನೆಷ್ಟು ಡಬ್ಬಿ ಹ್ಯೂಮಿಕ್ ಹಾಕಿದರೆ ಅದು ಸರಿಹೋಗುತ್ತದೆ ಎಂದು ಅವರು ಕೇಳಿದ್ದರು. ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಎದುರಿಸುತ್ತಿದ್ದೇನೆ. ಇದಕ್ಕೆ ಲೆಕ್ಕ ಹಾಕಿಯೇ ಉತ್ತರಿಸಬೇಕು.

ಒಂದು ಎಕರೆಯ ಮೇಲ್ಮಣ್ಣು, ಹದಿನೈದು ಸೆಂಟಿಮೀಟರ್ ಆಳದವರೆಗೆ ತೆಗೆದುಕೊಂಡರೆ, ಸುಮಾರು ಒಂಬತ್ತು ಲಕ್ಷ ಕೆ.ಜಿ. ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲವನ್ನು ಶೇ 0.1ರಷ್ಟು ಏರಿಸಬೇಕಾದರೆ ಮಣ್ಣಿನಲ್ಲಿ ಒಂಬೈನೂರು ಕೆ.ಜಿ. ಇಂಗಾಲ ಉಳಿಯಬೇಕು. ಎರಡು ಕೆ.ಜಿ. ಹ್ಯೂಮೇಟ್ ಪುಡಿಯಲ್ಲಿರುವ ಇಂಗಾಲ ಹೆಚ್ಚೆಂದರೆ ಒಂದು ಕೆ.ಜಿ. ಆಸುಪಾಸು. ಅದೇ ರೈತರು ಕಟಾವಾದ ಮೇಲೆ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಅಣಿ ಮಾಡಲೆಂದು ತರಗಿಗೆ ಬೆಂಕಿ ಇಟ್ಟಿದ್ದರು. ಒಂದೆಕರೆ ಕಬ್ಬಿನಲ್ಲಿ ಮೂರರಿಂದ ನಾಲ್ಕು ಟನ್ ಒಣ ತರಗು ಬೀಳುತ್ತದೆ, ಅದರ ಐದರಲ್ಲಿ ಎರಡು ಪಾಲು ಇಂಗಾಲ. ಹೀಗೆ ಒಂದು ಟನ್ನಿಗೂ ಮಿಕ್ಕಿದ ಇಂಗಾಲವನ್ನು ಅರ್ಧ ಗಂಟೆಯಲ್ಲಿ ಹೊಗೆ ಮಾಡಿ, ಒಂದು ಕೆ.ಜಿ. ಇಂಗಾಲವನ್ನು ಅಂಗಡಿಯಿಂದ ಕೊಂಡು ತರುವುದು ನಮ್ಮ ನಾಲಾ ಬಯಲಿನ ಊರೂರಿನಲ್ಲೂ ನಡೆಯುತ್ತಿದೆ. ಇದನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಹ್ಯೂಮಿಕ್ ಆಮ್ಲದಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದರ ಕೆಲಸ ಬೇರೆ. 1786ರಲ್ಲಿ ಜರ್ಮನಿಯ ಫ್ರಾನ್ಸ್ ಕಾರ್ಲ್ ಆಕರ್ಡ್ ಪೀಟ್ ಮಣ್ಣನ್ನು ಕ್ಷಾರದಲ್ಲಿ ನೆನೆಸಿ ಕಪ್ಪು ದ್ರಾವಣವನ್ನು ತೆಗೆದಂದಿನಿಂದ ಇಂದಿನವರೆಗೂ ಇವುಗಳನ್ನು ಗುರುತಿಸುವುದು ಕರಗುವ ಗುಣದಿಂದಲೇ. ಕ್ಷಾರದಲ್ಲಿ ಕರಗಿ, ಆಮ್ಲ ಸೇರಿಸಿದಾಗ ತಳಕ್ಕಿಳಿಯುವುದು ಹ್ಯೂಮಿಕ್ ಆಮ್ಲ. ಆಮ್ಲ, ಕ್ಷಾರ ಎರಡರಲ್ಲೂ ಕರಗಿಯೇ ಉಳಿಯುವ ಹಳದಿ ಮಿಶ್ರಿತ ಕಂದು ಭಾಗ ಫುಲ್ವಿಕ್ ಆಮ್ಲ. ಯಾವುದರಲ್ಲೂ ಕರಗದೆ ಉಳಿಯುವುದು ಹ್ಯೂಮಿನ್. ಮಣ್ಣಿನೊಳಗೆ ಇವು ಇದೇ ರೂಪದಲ್ಲಿ ಇರುತ್ತವೆಯೇ ಅಥವಾ ಕ್ಷಾರದ ಸಂಸ್ಕರಣೆಯಿಂದಲೇ ಈ ರೂಪ ಪಡೆಯುತ್ತವೆಯೇ ಎಂಬ ಪ್ರಶ್ನೆಯನ್ನು 2015ರಲ್ಲಿ ಯೋಹಾನೆಸ್ ಲೇಮನ್ ಮತ್ತು ಮಾರ್ಕಸ್ ಕ್ಲೇಬರ್ ಎಂಬ ಮಣ್ಣು ವಿಜ್ಞಾನಿಗಳು ಬಲವಾಗಿ ಎತ್ತಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಡಬ್ಬಿಯಲ್ಲಿ ಸಿಗುವ ಸರಕಂತೂ ಬಹುಪಾಲು ಲಿಯೊನಾರ್ಡೈಟ್ ಎಂಬ ಎಳೆ ಕಲ್ಲಿದ್ದಲಿನಂತಹ ಖನಿಜದಿಂದ, ಇಲ್ಲವೇ ಲಿಗ್ನೈಟಿನಿಂದ, ಪೊಟ್ಯಾಷ್ ಕ್ಷಾರ ಬಳಸಿ ತೆಗೆದದ್ದು.

ಅದು ಮಾಡುವ ಮೊದಲ ಕೆಲಸ ಬೇರಿಗೆ ಸಂಬಂಧಿಸಿದ್ದು. ಬಹಳ ಕಡಿಮೆ ಪ್ರಮಾಣದಲ್ಲಿಯೇ ಅದು ಬೇರಿನ ತುದಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕದಂತೆ ವರ್ತಿಸಿ ಕವಲು ಬೇರುಗಳನ್ನೂ ಬೇರುಗೂದಲನ್ನೂ ಹೆಚ್ಚಿಸುತ್ತದೆ. ಬೇರಿನ ಜೀವಕೋಶಗಳ ಹೊರಪೊರೆಯಲ್ಲಿ ಪೋಷಕಾಂಶಗಳನ್ನು ಒಳಗೆಳೆಯುವ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಬೇರಿನ ಒಣ ತೂಕ ಸರಾಸರಿ ಶೇ 21ರಷ್ಟು, ಕಾಂಡ ಮತ್ತು ಎಲೆಗಳ ಒಣ ತೂಕ ಶೇ 22ರಷ್ಟು ಹೆಚ್ಚಿದ್ದು ಕಂಡುಬಂದಿದೆ. ಇವು ಗಿಡದ ಬೆಳವಣಿಗೆಯ ಅಂಕಿಗಳೇ ಹೊರತು ಗದ್ದೆಯ ಇಳುವರಿಯ ಭರವಸೆಯಲ್ಲ ಎಂಬುದನ್ನು ಓದುಗರು ಮರೆಯಬಾರದು.

ಎರಡನೆಯ ಕೆಲಸ ಗೊಬ್ಬರಕ್ಕೆ ಸಂಬಂಧಿಸಿದ್ದು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣವೂ ಅಲ್ಯುಮಿನಿಯಮ್ಮೂ, ನಾಲೆಯ ಕೆಳಭಾಗದ ಕ್ಷಾರ ಮಣ್ಣಿನಲ್ಲಿ ಕ್ಯಾಲ್ಸಿಯಂ, ನಾವು ಹಾಕಿದ ರಂಜಕವನ್ನು ಕಟ್ಟಿಹಾಕುತ್ತವೆ. ಹ್ಯೂಮಿಕ್ ಅಣುಗಳು ಆ ಹಿಡಿತದ ಜಾಗಗಳನ್ನು ತಾವೇ ಆಕ್ರಮಿಸಿಕೊಂಡು ಒಂದಿಷ್ಟು ರಂಜಕವನ್ನು ಬೇರಿನ ಪಾಲಿಗೆ ಉಳಿಸುತ್ತವೆ. ಸತು, ಕಬ್ಬಿಣಗಳಂತಹ ಲಘು ಪೋಷಕಾಂಶಗಳನ್ನು ಫುಲ್ವಿಕ್ ಆಮ್ಲ ತನ್ನೊಡನೆ ಬಂಧಿಸಿಕೊಂಡು ಕರಗಿದ ಸ್ಥಿತಿಯಲ್ಲೇ ಒಯ್ಯುತ್ತದೆ; ಅಣು ಸಣ್ಣದಾದ್ದರಿಂದ ಎಲೆಗೆ ಸಿಂಪಡಿಸಲೂ ಇದೇ ಲೇಸು. ಭತ್ತದ ಗದ್ದೆಗಳಲ್ಲಿ ಸತುವಿನ ಕೊರತೆಯಿಂದ ಎಲೆ ತುಕ್ಕು ಹಿಡಿದಂತಾಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಂತಹ ಧನ ಅಯಾನುಗಳನ್ನು (ಧನ ವಿದ್ಯುದಂಶದ ಕಣಗಳನ್ನು) ಹಿಡಿದಿಡುವ ಸಾಮರ್ಥ್ಯದಲ್ಲಿಯೂ ಹ್ಯೂಮಿಕ್ ಆಮ್ಲ ನಮ್ಮ ಕೆಂಪು ಮಣ್ಣಿನ ಕೆಯೊಲಿನೈಟ್ ಜೇಡಿಗಿಂತ ಹತ್ತಾರು ಪಟ್ಟು ಮುಂದಿದೆ. ಆದರೆ ಎಕರೆಗೆ ಎರಡು ಕೆ.ಜಿ. ಹಾಕಿ ಒಂಬತ್ತು ಲಕ್ಷ ಕೆ.ಜಿ. ಮಣ್ಣಿನ ಗುಣವನ್ನೇ ಬದಲಿಸುತ್ತೇವೆಂದು ಹೇಳುವುದು ಸರಿಯಲ್ಲ. ಬೇರಿನ ಸುತ್ತಣ ಅಂಗೈಯಗಲದ ಜಾಗದಲ್ಲಿ ಅದರ ಕೆಲಸ ನಡೆಯುತ್ತದೆ. ಆದ್ದರಿಂದಲೇ ಹೊಲದ ತುಂಬ ಎರಚುವುದಕ್ಕಿಂತ ಬುಡಕ್ಕೆ ಕೊಡುವುದು, ಹನಿಯಲ್ಲಿ ಬಿಡುವುದು, ಇಲ್ಲವೇ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಸಾಲಿಗೆ ಹಾಕುವುದು ಫಲ ಕೊಡುತ್ತದೆ.

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯತೊಡಗಿ ತೊಂಬತ್ತು ವರ್ಷಗಳ ಮೇಲಾಯಿತು. ತಗ್ಗಿನ ಗದ್ದೆಗಳಲ್ಲಿ ಜೌಗು ನಿಂತು, ಉಪ್ಪು ಮೇಲೆದ್ದು, ಮಣ್ಣು ಚೌಳಾಗಿರುವ ಕಡೆ ಹ್ಯೂಮಿಕ್ ಆಮ್ಲವನ್ನು ಔಷಧಿಯೆಂದು ಮಾರುತ್ತಿರುವುದನ್ನು ನಾನು ನೋಡಿದ್ದೇನೆ. ಇದನ್ನು ಸ್ಪಷ್ಟವಾಗಿ ಹೇಳಬೇಕು: ಜೇಡಿಗೆ ಅಂಟಿದ ಸೋಡಿಯಮ್ಮನ್ನು ಕಿತ್ತುಹಾಕಲು ಆ ಜಾಗಕ್ಕೆ ಕ್ಯಾಲ್ಸಿಯಂ ಬರಬೇಕು, ಕಿತ್ತುಬಂದ ಸೋಡಿಯಂ ನೀರಿನೊಡನೆ ಹೊರಗೆ ಹೋಗಬೇಕು. ಮೊದಲನೆಯದಕ್ಕೆ ಜಿಪ್ಸಂ, ಎರಡನೆಯದಕ್ಕೆ ಬಸಿಗಾಲುವೆ. ಇವೆರಡೂ ಆದ ಮೇಲೆ ಹಸಿರೆಲೆ ಗೊಬ್ಬರದ ಗಿಡವಾದ ಡಯಂಚಾ ಬಿತ್ತಿ ಹೂವಾಡುವ ಮುನ್ನ ಮಗುಚಿ, ಅದರ ನಂತರ ಹ್ಯೂಮಿಕ್ ಕೊಟ್ಟರೆ ಎಳೆ ಬೇರಿಗೆ ಆಸರೆಯಾದೀತು. ಬಸಿಗಾಲುವೆ ತೆಗೆಯದೆ ಡಬ್ಬಿ ಸುರಿದರೆ ದುಡ್ಡು ಜೌಗಿಗೆ ಹೋದಂತೆ.

ಕೊಳ್ಳುವಾಗಿನ ಎಚ್ಚರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲಗಳನ್ನು ಜೈವಿಕ ಉತ್ತೇಜಕಗಳೆಂದು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿತು. ಆದ್ದರಿಂದ ಆ ಆದೇಶದಡಿಯ ವಿವರಗಳಿಲ್ಲದ ಡಬ್ಬಿಯನ್ನು, ಬಿಲ್ಲಿಲ್ಲದ ಮಾಲನ್ನು ಕೊಳ್ಳಬಾರದು. ‘ಶೇ 98’ ಎಂಬ ದಪ್ಪಕ್ಷರ ಅನೇಕ ಬಾರಿ ನೀರಿನಲ್ಲಿ ಕರಗುವ ಭಾಗವನ್ನು ಹೇಳುತ್ತದೆಯೇ ಹೊರತು ಹ್ಯೂಮಿಕ್ ಅಂಶವನ್ನಲ್ಲ. ಬಣ್ಣದ ಗಾಢತೆಯನ್ನು ನೋಡಿ ಅಳೆಯುವ ಹಳೆಯ ಪರೀಕ್ಷೆಗಳು ಅಂಶವನ್ನು ಹೆಚ್ಚಾಗಿ ತೋರಿಸುವುದರಿಂದ, ತೂಕದಿಂದ ಅಳೆಯುವ ಐಎಸ್‌ಒ 19822 ಎಂಬ ಅಂತರರಾಷ್ಟ್ರೀಯ ವಿಧಾನ 2018ರಲ್ಲಿ ಬಂದಿದೆ. ಯಾವ ವಿಧಾನದಲ್ಲಿ ಪರೀಕ್ಷೆಯಾಗಿದೆ ಎಂದು ಮಾರಾಟಗಾರರನ್ನು ಕೇಳುವ ಹಕ್ಕು ರೈತರಿಗಿದೆ.

ಮನೆಯಲ್ಲೇ ಒಂದು ಸರಳ ಪರೀಕ್ಷೆ ಮಾಡಿಕೊಳ್ಳಬಹುದು. ಮಳವಳ್ಳಿಯ ರೈತರ ಎದುರಿಗೇ ನಾನದನ್ನು ಮಾಡಿ ತೋರಿಸಿದೆ. ಗಾಜಿನ ಲೋಟದಲ್ಲಿ ಮಳೆನೀರನ್ನೋ ಫಿಲ್ಟರ್ ನೀರನ್ನೋ ತೆಗೆದುಕೊಂಡು ಒಂದು ಚಿಟಿಕೆ ಪುಡಿ ಉದುರಿಸಿ ಕದಡಿ ಬಿಟ್ಟರೆ, ಒಳ್ಳೆಯ ಮಾಲು ಕಾಫಿ ಡಿಕಾಕ್ಷನ್ನಿನಂತೆ ಕರಗುತ್ತದೆ. ತಳದಲ್ಲಿ ಮರಳೋ ಕರಿಯೋ ಕೂರುವುದಿಲ್ಲ. ಅದಕ್ಕೆ ಎರಡು ಚಮಚ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲವನ್ನು) ಹಾಕಿ ಕದಡಿದಾಗ ಕೆಲ ಹೊತ್ತಿನಲ್ಲಿ ಕಂದು ಚೂರುಗಳು ಕಾಣಿಸಿಕೊಂಡು, ಬೆಳಗಾಗುವಷ್ಟರಲ್ಲಿ ತಳಕ್ಕಿಳಿದು, ಮೇಲಿನ ನೀರು ತಿಳಿಯಾಗುತ್ತದೆ. ಆಮ್ಲ ಹಾಕಿದ ಮೇಲೂ ಕಪ್ಪಾಗಿಯೇ ಉಳಿದರೆ ಅದು ಬಣ್ಣವೋ, ಕಾಗದ ಕಾರ್ಖಾನೆಗಳಲ್ಲಿ ಮಿಗುವ ಲಿಗ್ನೋಸಲ್ಫೋನೇಟೋ ಇರಬಹುದೆಂದು ಸಂದೇಹಪಡಬೇಕು. ಫುಲ್ವಿಕ್ ಆಮ್ಲಕ್ಕೆ ಈ ಪರೀಕ್ಷೆ ಸಲ್ಲದು, ಏಕೆಂದರೆ ಅದು ಆಮ್ಲದಲ್ಲೂ ಕರಗಿಯೇ ಇರುತ್ತದೆ. ಅದಕ್ಕೆ ಪ್ರಯೋಗಾಲಯವೇ ಗತಿ.

ಬಳಕೆಯ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಕಬ್ಬಿಗೆ ನಾಟಿಯಾಗಿ ಮೂರು ನಾಲ್ಕು ವಾರಗಳಲ್ಲಿ ಹೊಸ ಬೇರು ಬಿಡುವಾಗ ಒಮ್ಮೆ, ಬುಡದಿಂದ ಮರಿ ಚಿಗುರು ಬರುವ, ಅಂದರೆ ತೆಂಡೆ ಹೊಡೆಯುವ ಹೊತ್ತಿಗೆ ಇನ್ನೊಮ್ಮೆ, ಎಕರೆಗೆ ಒಂದರಿಂದ ಎರಡು ಕೆ.ಜಿ. ಪುಡಿ ಸಾಕು. ಹೆಚ್ಚು ಕೊಟ್ಟರೆ ಹೆಚ್ಚು ಲಾಭವಿಲ್ಲ. ಪ್ರಮಾಣ ಮಿತಿಮೀರಿದರೆ ಬೆಳವಣಿಗೆ ಕುಗ್ಗುವುದೂ ಉಂಟು. ಯೂರಿಯಾ, ಬಿಳಿ ಪೊಟ್ಯಾಷ್‌ಗಳ ಜೊತೆ ಕೊಡಬಹುದು. ಕ್ಯಾಲ್ಸಿಯಂ ನೈಟ್ರೇಟ್, ಜಿಂಕ್ ಸಲ್ಫೇಟ್ ಮತ್ತು ಆಮ್ಲ ರೂಪದ ಗೊಬ್ಬರಗಳನ್ನು ಬೇರೆ ದಿನ ಬಿಟ್ಟು, ನಡುವೆ ಬರಿ ನೀರು ಹರಿಸಬೇಕು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮೊದಲು ಲೋಟದಲ್ಲಿ ಕಲಸಿ ಒಂದು ಗಂಟೆ ಇಟ್ಟು ನೋಡುವುದು ಒಳಿತು. ಮರಳು ಮಿಶ್ರಿತ ಬಡ ಕೆಂಪು ಮಣ್ಣಿನಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ವರ್ಷ ವರ್ಷವೂ ಕೊಟ್ಟಿಗೆ ಗೊಬ್ಬರ, ಕೆರೆಗೋಡು (ಕೆರೆಯ ಹೂಳು) ಕಂಡ, ಕುರಿಮಂದೆ ನಿಲ್ಲಿಸಿದ ಹೊಲದಲ್ಲಿ ಅಷ್ಟಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ, ಅಲ್ಲಿ ಈ ಕೆಲಸವನ್ನು ಮಣ್ಣೇ ಮಾಡಿಕೊಳ್ಳುತ್ತಿರುತ್ತದೆ.

ಮಳವಳ್ಳಿಯ ರೈತರು ಈ ಸಲ ಕೂಳೆಗೆ ಬೆಂಕಿ ಇಡಲಿಲ್ಲ. ತರಗನ್ನು ಯಂತ್ರದಿಂದ ಪುಡಿ ಮಾಡಿಸಿ ಸಾಲು ಬಿಟ್ಟು ಸಾಲಿಗೆ ಹರಡಿ, ಬೇಗ ಕೊಳೆಯಲೆಂದು ಅದರ ಮೇಲೆ ಸ್ವಲ್ಪ ಯೂರಿಯಾ ಎರಚಿ, ಸಕ್ಕರೆ ಕಾರ್ಖಾನೆಯಲ್ಲಿ ಮಿಗುವ ಪ್ರೆಸ್‌ಮಡ್ ಹಾಕಿದರು. ಹೋದ ತಿಂಗಳು ನಾನು ಅಲ್ಲಿ ಕೂತು ತರಗನ್ನು ಸರಿಸಿ ನೋಡಿದಾಗ, ನೀರು ಹಾಯಿಸಿ ವಾರವಾಗಿದ್ದರೂ ಅಡಿಯ ಮಣ್ಣು ತೇವವಾಗಿತ್ತು. ಕೊಳೆತ ಎಲೆಯ ಚೂರುಗಳ ನಡುವೆ ಬಿಳಿ ಬೇರಿನ ಎಳೆಗಳು ಹೆಣೆದುಕೊಂಡಿದ್ದವು, ಎರೆಹುಳುವಿನ ಹಿಕ್ಕೆ ಅಲ್ಲಲ್ಲಿ ಗುಪ್ಪೆಯಾಗಿತ್ತು. ಹ್ಯೂಮಿಕ್ಕನ್ನೂ ಅವರು ಕೊಟ್ಟಿದ್ದಾರೆ, ಒಂದೇ ಸಲ, ಬೇರೆ ಯಾವುದನ್ನೂ ಬೆರೆಸದೆ. ಅದರ ಫಲವೆಷ್ಟು, ತರಗಿನ ಫಲವೆಷ್ಟು ಎಂದು ತಿಳಿಯಲು ನಡುವಿನ ಎರಡು ಸಾಲುಗಳ ಹನಿ ಪೈಪಿನ ಬಾಯನ್ನು ಆ ದಿನ ಮುಚ್ಚಿಸಿ ಅವಕ್ಕೆ ಹ್ಯೂಮಿಕ್ ಹೋಗದಂತೆ ಮಾಡಿದ್ದೇವೆ. ಕಟಾವಿನ ದಿನ ಆ ಎರಡು ಸಾಲಿನ ಕಬ್ಬನ್ನು ಬೇರೆಯಾಗಿ ತೂಕ ಹಾಕಿಸಬೇಕೆಂದು ಹೇಳಿಟ್ಟಿದ್ದೇನೆ.